ಒಂಟಿಯಾಗಿ ಬಿಡುವುದೋ, ಜೊತೆಯಲ್ಲಿ ಬಿಡುವುದೋ: ಪುಣೆಯ ಕುದುರೆ ಲಾಯಗಳ ಲೆಕ್ಕ

ಪುಣೆಯ ಹೊರವಲಯದಲ್ಲಿ 20 ಕುದುರೆಗಳ ಒಂದು ಸವಾರಿ ಶಾಲೆ ಇದೆ ಎಂದುಕೊಳ್ಳಿ. ಅಲ್ಲಿ 20 ಮೀಟರ್ ಅಗಲ, 35 ಮೀಟರ್ ಉದ್ದದ 4 ಪ್ಯಾಡಕ್‌ಗಳಿವೆ, ಅಂದರೆ ಕುದುರೆ ಬಿಡುವ ಬೇಲಿ ಹಾಕಿದ ಅಂಗಳಗಳು. ತರಗತಿಗಳು, ನಡುಹಗಲ ಬಿಸಿಲು, ಕುದುರೆ ನೋಡಿಕೊಳ್ಳುವ ಸೈಸ್‌ಗಳ ಊಟದ ಹೊತ್ತು ಎಲ್ಲ ಕಳೆದರೆ ಕುದುರೆಗಳನ್ನು ಹೊರಗೆ ಬಿಡಲು ಸಿಗುವುದು ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ಎರಡೂವರೆ ಗಂಟೆ. ಈ ಆರೂವರೆ ಗಂಟೆಯನ್ನು ನಾಲ್ಕು ಪ್ಯಾಡಕ್‌ಗಳಿಗೆ ಗುಣಿಸಿದರೆ 26 ಗಂಟೆ. ಒಂದೊಂದಾಗಿ ಬಿಟ್ಟರೆ ಒಂದು ಕುದುರೆಯ ಪಾಲಿಗೆ 78 ನಿಮಿಷ. ಕುದುರೆ ಇರುವ ಕೋಣೆಯಿಂದ, ಅಂದರೆ ಬಾಕ್ಸ್‌ನಿಂದ, ಕರೆದೊಯ್ದು ಮರಳಿ ತರುವ ಹೊತ್ತು ಕಳೆದರೆ ಒಂದು ಗಂಟೆಯ ಆಸುಪಾಸು. ಸವಾರಿಗೆ ಇನ್ನೊಂದು ಗಂಟೆ. ಉಳಿದ 22 ಗಂಟೆ 12 ಅಡಿ ಉದ್ದ, 12 ಅಡಿ ಅಗಲದ ಬಾಕ್ಸ್.

ಅದೇ ಪ್ಯಾಡಕ್‌ಗಳಲ್ಲಿ ಎರಡೆರಡು ಕುದುರೆ ಬಿಟ್ಟರೆ ತಲಾ 156 ನಿಮಿಷ. ಜಾಗ ಹೆಚ್ಚಲಿಲ್ಲ, ಆಳು ಹೆಚ್ಚಲಿಲ್ಲ. ಹೊರಗಿರುವ ಹೊತ್ತು ಮಾತ್ರ ದುಪ್ಪಟ್ಟಾಯಿತು.

ಒಂಟಿಯೋ ಗುಂಪೋ ಎಂಬ ಚರ್ಚೆ ಶುರುವಾದಾಗಲೆಲ್ಲ ಮಾತು ನೇರವಾಗಿ ಒದೆತ, ಗಾಯ, ಪಶುವೈದ್ಯರ ಬಿಲ್ಲಿನ ಕಡೆಗೆ ಹೋಗುತ್ತದೆ. ಅದು ಸರಿಯಾದ ಭಯವೇ. ಆದರೆ ಎಕರೆಗಟ್ಟಲೆ ಹುಲ್ಲುಗಾವಲು ಇರುವ ದೇಶಗಳಲ್ಲಿ ಒಂಟಿಯಾಗಿ ಬಿಡುವುದೆಂದರೆ ಇಡೀ ಹಗಲು ಒಂಟಿಯಾಗಿ ಮೇಯುವುದು. ನಮ್ಮಲ್ಲಿ ಅದರ ಅರ್ಥ ಸರದಿಯ ಒಂದು ಗಂಟೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮುಂಬೈ, ಪುಣೆ, ಗೋವಾಗಳಲ್ಲಿ ಈ ಆಯ್ಕೆ ಮೊದಲು ಗಂಟೆಗಳ ಪ್ರಶ್ನೆ, ಆಮೇಲೆ ಸುರಕ್ಷತೆಯ ಪ್ರಶ್ನೆ.

ಗಂಟೆಗಳಿಗೆ ಇಷ್ಟು ಬೆಲೆ ಏಕೆ? ಕುದುರೆಯ ಜಠರ ಆಮ್ಲ ಸುರಿಸುವುದನ್ನು ನಿಲ್ಲಿಸುವುದೇ ಇಲ್ಲ, ತಿಂದರೂ ತಿನ್ನದಿದ್ದರೂ. ಬಯಲಿನಲ್ಲಿ ದಿನಕ್ಕೆ 14ರಿಂದ 16 ಗಂಟೆ ಮೇಯುವ ಪ್ರಾಣಿಗೆ ಹುಲ್ಲು ಮತ್ತು ಜೊಲ್ಲು ಸೇರಿ ಆ ಆಮ್ಲವನ್ನು ತಣಿಸುತ್ತವೆ. ಬಾಕ್ಸ್‌ನಲ್ಲಿ ದಿನಕ್ಕೆ ಮೂರು ಹೊತ್ತು ದಾಣಿ (ಕಾಳಿನ ಮೇವು), ಎರಡು ಹೊತ್ತು ಹುಲ್ಲು ಎಂಬ ಪದ್ಧತಿಯಲ್ಲಿ ಹೊಟ್ಟೆ ಗಂಟೆಗಟ್ಟಲೆ ಖಾಲಿ ಇರುತ್ತದೆ. ಜಠರದ ಮೇಲ್ಭಾಗಕ್ಕೆ ಆಮ್ಲ ತಡೆಯುವ ಲೋಳೆಯ ರಕ್ಷಣೆ ಇಲ್ಲ, ಹುಣ್ಣು ಅಲ್ಲೇ ಏಳುತ್ತದೆ. ಇದರ ಜೊತೆಗೆ ಬಾಗಿಲ ಬಳಿ ಎಡಕ್ಕೂ ಬಲಕ್ಕೂ ತೂಗಾಡುವುದು, ಬಾಗಿಲ ಅಂಚು ಕಚ್ಚಿ ಗಾಳಿ ಗುಟುಕಿಸುವುದು, ಬಾಕ್ಸ್‌ನೊಳಗೆ ಗಾಣದ ಎತ್ತಿನಂತೆ ಸುತ್ತುವುದು. ಇವನ್ನು ಕೆಟ್ಟ ಚಟ ಎಂದು ಕೊರಳಿಗೆ ಪಟ್ಟಿ ಬಿಗಿಯುವವರು ಇನ್ನೂ ಇದ್ದಾರೆ. ಪಟ್ಟಿ ಚಟವನ್ನು ತಡೆಯಬಹುದು, ಕಾರಣವನ್ನು ಮುಟ್ಟುವುದಿಲ್ಲ.

ಇನ್ನು ಜೊತೆಯ ವಿಷಯ. ಎರಡು ಕುದುರೆಗಳು ಎದುರುಬದುರು ನಿಂತು ಒಂದರ ಕತ್ತಿನ ಬುಡವನ್ನು ಇನ್ನೊಂದು ಹಲ್ಲಿನಿಂದ ಕೆರೆಯುವುದನ್ನು ಎಲ್ಲರೂ ನೋಡಿರುತ್ತಾರೆ. 1993ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಕಮಾರ್ಗ್ ಕುದುರೆಗಳ ಅಧ್ಯಯನವೊಂದು ಅದೇ ಜಾಗದಲ್ಲಿ ಕೆರೆದಾಗ ಎದೆಬಡಿತ ಇಳಿಯುತ್ತದೆಂದೂ, ಬೇರೆ ಕಡೆ ಕೆರೆದರೆ ಇಳಿಯುವುದಿಲ್ಲವೆಂದೂ ತೋರಿಸಿತು. 2015ರಲ್ಲಿ ಬ್ರಿಟನ್‌ನಲ್ಲಿ 16 ಕುದುರೆಗಳನ್ನು ಸರದಿಯಂತೆ ನಾಲ್ಕು ಬಗೆಯ ವ್ಯವಸ್ಥೆಯಲ್ಲಿಟ್ಟು ಲದ್ದಿಯಲ್ಲಿನ ಒತ್ತಡದ ಹಾರ್ಮೋನಿನ ಅಂಶ ಅಳೆದರು. ಮುಟ್ಟಲೂ ಆಗದಂತೆ ಒಂಟಿಯಾಗಿ ಕಟ್ಟಿದಾಗ ಅದು ಹೆಚ್ಚಿತ್ತು. ಸ್ವಿಟ್ಜರ್‌ಲ್ಯಾಂಡ್‌ನ 2008ರ ಪ್ರಾಣಿ ಸಂರಕ್ಷಣಾ ನಿಯಮ ಕುದುರೆಗೆ ಇನ್ನೊಂದು ಕುದುರೆಯನ್ನು ನೋಡುವ, ಕೇಳುವ, ಮೂಸುವ ಅವಕಾಶ ಇರಲೇಬೇಕೆಂದು ಹೇಳುತ್ತದೆ; ಹಾಲು ಬಿಟ್ಟ ಮರಿಗಳನ್ನು ಎರಡೂವರೆ ವರ್ಷದವರೆಗೆ ಗುಂಪಿನಲ್ಲೇ ಬೆಳೆಸಬೇಕೆಂದೂ ವಿಧಿಸುತ್ತದೆ.

ಹಾಗಿದ್ದರೂ ನಮ್ಮ ಲಾಯಗಳು ಒಂಟಿಯಾಗಿ ಬಿಡುವುದನ್ನೇ ಆರಿಸಿಕೊಳ್ಳುತ್ತವೆ. ಇದಕ್ಕೆ ಕುದುರೆಯ ಸ್ವಭಾವಕ್ಕಿಂತ ದೂಷಣೆಯ ಲೆಕ್ಕ ಹೆಚ್ಚು ಕಾರಣ ಎಂಬುದು ಈ ಲೇಖನದ ವಾದ. ಒದೆತ ಬಿದ್ದರೆ ಗಾಯ ಎಲ್ಲರಿಗೂ ಕಾಣುತ್ತದೆ. ಮಾಲೀಕರು ಯಾರು ಬಿಟ್ಟರು ಎಂದು ಕೇಳುತ್ತಾರೆ, ಸೈಸ್‌ನ ಪಗಾರ ಕಟ್ಟಾಗುತ್ತದೆ. ಹೊಟ್ಟೆಯಲ್ಲಿ ಹುಣ್ಣಾದರೆ ಯಾರನ್ನೂ ಕೇಳುವವರಿಲ್ಲ, ‘ದಾಣಿ ಸರಿಯಾಗಿ ತಿನ್ನುತ್ತಿಲ್ಲ, ಸ್ವಲ್ಪ ಮುಂಗೋಪಿ’ ಎಂದು ಮುಗಿಯುತ್ತದೆ. ಕಾಣುವ ಅಪಾಯವನ್ನು ತಪ್ಪಿಸಿ ಕಾಣದ್ದನ್ನು ಒಪ್ಪಿಕೊಳ್ಳುವುದು ಆಳಿನ ದೃಷ್ಟಿಯಿಂದ ಜಾಣತನವೇ. ಅದನ್ನು ಬದಲಿಸುವುದು ಮಾಲೀಕರ ಕೈಯಲ್ಲಿದೆ.

ರೇಸ್ ಕುದುರೆಗಳ ಹಿನ್ನೆಲೆಯೂ ಇದಕ್ಕೆ ಸೇರುತ್ತದೆ. ಕುಣಿಗಲ್‌ನಲ್ಲಾಗಲಿ ಪುಣೆ ಸುತ್ತಲಿನ ಸ್ಟಡ್ ಫಾರ್ಮ್‌ಗಳಲ್ಲಾಗಲಿ ಹುಟ್ಟಿದ ಥರೋಬ್ರೆಡ್ ಮರಿ ತಾಯಂದಿರ ಗುಂಪಿನಲ್ಲಿ, ಆಮೇಲೆ ಸಮವಯಸ್ಕರ ಗುಂಪಿನಲ್ಲಿ ಬೆಳೆಯುತ್ತದೆ. ಎರಡು ವರ್ಷದ ಹೊತ್ತಿಗೆ ತರಬೇತಿಗೆ ಬಂದರೆ ಬಾಕ್ಸ್ ಸೇರುತ್ತದೆ. ಮಳೆಗಾಲದಲ್ಲಿ ಪುಣೆ, ಚಳಿಗಾಲದಲ್ಲಿ ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸ್ ಎಂದು ಓಡಾಡುತ್ತ ಮೂರು ನಾಲ್ಕು ವರ್ಷ ಇನ್ನೊಂದು ಕುದುರೆಯನ್ನು ಗೋಡೆಯಾಚೆಯಿಂದಷ್ಟೇ ಕಾಣುತ್ತದೆ. ಓಟ ಮುಗಿಸಿ ಸವಾರಿ ಶಾಲೆಗೆ ಬರುವುದು ಇಂಥ ಕುದುರೆಯೇ. ಕಿವಿ ಹಿಂದಕ್ಕೆ ಮಡಚಿದರೆ ದೂರ ಸರಿಯಬೇಕೆಂಬುದನ್ನು ಅದು ಮರೆತಿರಬಹುದು. ಮರೆತದ್ದು ಮರಳಿ ಬರುತ್ತದೆ, ಆದರೆ ಮೊದಲ ದಿನವೇ ನಾಲ್ಕು ಅಪರಿಚಿತರ ನಡುವೆ ತಳ್ಳಿದರೆ ಬರುವುದಿಲ್ಲ.

ಒದೆತ ಬೀಳುವುದು ಎಲ್ಲಿ, ಏಕೆ

ಗುಂಪಿನಲ್ಲಿ ಆಗುವ ಗಾಯಗಳಲ್ಲಿ ಹೆಚ್ಚಿನವು ಹಲ್ಲಿನ ಗುರುತು, ಉದುರಿದ ಕೂದಲು, ತರಚು. ಇವಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಚರ್ಮದ ಅಡಿಯಲ್ಲೇ ಮೂಳೆ ಇರುವ ಜಾಗಗಳಿಗೆ: ಮುಂಗಾಲಿನ ಮೇಲ್ಭಾಗದ ಒಳಬದಿ, ಹಿಂಗಾಲಿನಲ್ಲಿ ಹಾಕ್ ಎಂಬ ನಡುಕೀಲಿನ ಮೇಲಿನ ಒಳಬದಿ, ಮೊಣಕಾಲ ಕೆಳಗಿನ ಸಣ್ಣ ಪಕ್ಕಮೂಳೆಗಳು. ಇಲ್ಲಿ ಒದೆತ ಬಿದ್ದರೆ ಮೂಳೆ ಮುರಿಯದೆ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಆ ದಿನ ಕುದುರೆ ತುಸು ಕುಂಟುತ್ತದೆ, ಎಕ್ಸ್‌ರೇಯಲ್ಲೂ ಏನೂ ಕಾಣದೆ ಹೋಗಬಹುದು. ಕೆಲವು ದಿನಗಳ ನಂತರ ರಾತ್ರಿ ಮಲಗಿ ಏಳುವಾಗ ಭಾರ ಬಿದ್ದು ಅದೇ ಬಿರುಕು ಪೂರ್ತಿ ಒಡೆಯುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಎಂದರೆ ಇದೇ. ಆದ್ದರಿಂದ ಈ ಜಾಗಗಳಲ್ಲಿ ಒದೆತ ಬಿದ್ದ ಕುದುರೆಯನ್ನು, ಗಾಯ ಎಷ್ಟೇ ಚಿಕ್ಕದಿರಲಿ, ವೈದ್ಯರು ನೋಡುವವರೆಗೆ ನಡೆಸಬಾರದು. ಮಲಗದಂತೆ ಕಟ್ಟಿಹಾಕಬೇಕೋ ಎಂದು ಅವರನ್ನೇ ಕೇಳಬೇಕು. ವಾರ ಹತ್ತು ದಿನದ ನಂತರ ಮತ್ತೊಂದು ಎಕ್ಸ್‌ರೇ ತೆಗೆಸಬೇಕು. ಕೀಲಿನ ಮೇಲೆ ಅಥವಾ ಪಕ್ಕದಲ್ಲಿ ಆದ ಕಾಳಿನಷ್ಟು ತೂತಿನಿಂದ ಅಂಟಂಟಾದ ಹಳದಿ ದ್ರವ ಸೋರಿದರೆ ಅದು ಅದೇ ಗಂಟೆಯ ತುರ್ತು. ಕೀಲಿಗೆ ಸೋಂಕು ತಗುಲಿದರೆ ಕುದುರೆ ಉಳಿದರೂ ಕಾಲು ಉಳಿಯುವುದು ಕಷ್ಟ. ಟೆಟನಸ್ ಲಸಿಕೆ ಸಕಾಲದಲ್ಲಿ ಆಗಿರಬೇಕೆಂದು ಬೇರೆ ಹೇಳಬೇಕಿಲ್ಲ.

ಇಂಥ ಒದೆತಗಳು ಎಲ್ಲಿಂದ ಬರುತ್ತವೆ ಎಂದು ನೋಡಿದರೆ ಸಂದರ್ಭಗಳು ನಾಲ್ಕೈದೇ: ದಾಣಿಯ ಬಕೆಟ್ ಒಳಗೆ ಬಂದಾಗ, ಗೇಟಿನ ಬಳಿ ಎಲ್ಲವೂ ಗುಂಪುಗೂಡಿ ಕಾಯುವಾಗ, ಮೂಲೆಯಲ್ಲಿ ಸಿಕ್ಕಿಬಿದ್ದಾಗ, ಹೊಸ ಕುದುರೆ ಬಂದ ಮೊದಲ ದಿನಗಳಲ್ಲಿ, ಪಕ್ಕದಲ್ಲಿ ಬೆದೆಗೆ ಬಂದ ಹೆಣ್ಣು ಇದ್ದಾಗ. ಎಲ್ಲವೂ ಮನುಷ್ಯರು ಮುಂಚೆಯೇ ಊಹಿಸಬಹುದಾದವು. ಹೆಣ್ಣು ಗಂಡು ಬೆರೆಸಿದರೆ ಜಗಳ ಎಂಬ ನಂಬಿಕೆ ಬಲವಾಗಿದೆ. ಆದರೆ ಬೀಜ ತೆಗೆದ ಗಂಡು ಮತ್ತು ಹೆಣ್ಣು ಕುದುರೆಗಳ ಗುಂಪುಗಳನ್ನು ಬೇರೆಬೇರೆಯಾಗಿಯೂ ಬೆರೆಸಿಯೂ ನೋಡಿದ 2009ರ ನಾರ್ವೆಯ ಅಧ್ಯಯನಕ್ಕೆ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಪದೇಪದೇ ಸದಸ್ಯರನ್ನು ಬದಲಿಸುವುದು ಇದಕ್ಕಿಂತ ದೊಡ್ಡ ಕೇಡು. ಇವತ್ತು ಇವರ ಜೊತೆ, ನಾಳೆ ಯಾರು ಖಾಲಿ ಇದ್ದಾರೋ ಅವರ ಜೊತೆ ಎಂಬ ಸವಾರಿ ಶಾಲೆಗಳ ರೂಢಿಯಲ್ಲಿ ಯಾರು ಮೇಲು ಯಾರು ಕೆಳಗು ಎಂಬುದು ಎಂದೂ ಇತ್ಯರ್ಥವಾಗುವುದಿಲ್ಲ, ಪ್ರತಿದಿನವೂ ಮೊದಲ ದಿನವೇ.

ಜಾಗದ ಅಳತೆ

2013ರ ಜರ್ಮನಿಯ ಅಧ್ಯಯನವೊಂದು ಒಂದು ಕುದುರೆಗೆ ಸುಮಾರು 330 ಚದರ ಮೀಟರ್ ದಾಟಿದರೆ ಜಗಳ ಬಹುತೇಕ ಶೂನ್ಯಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಾಕಿತು. ಇದು ಮೇಯುವ ಹುಲ್ಲಿನ ಲೆಕ್ಕವಲ್ಲ. ಹುಲ್ಲೇ ಆಹಾರವಾಗಬೇಕಾದರೆ ಒಂದು ಕುದುರೆಗೆ ಎಕರೆಗೂ ಹೆಚ್ಚು ಬೇಕು, ಆ ಮಾತು ಇಲ್ಲಿ ಬಿಡಿ. ಮೇಲಿನ ಉದಾಹರಣೆಯ 20 ಗುಣಿಸು 35 ಮೀಟರ್ ಪ್ಯಾಡಕ್ 700 ಚದರ ಮೀಟರ್ ಆಗುತ್ತದೆ. ಎರಡು ಕುದುರೆಗೆ ಸಾಕು, ಮೂರಕ್ಕೆ ಇಕ್ಕಟ್ಟು.

ನಿಮ್ಮಲ್ಲಿರುವುದು 15 ಗುಣಿಸು 20 ಮೀಟರಿನ ಪುಟ್ಟ ಪ್ಯಾಡಕ್‌ಗಳಾದರೆ ಅದರಲ್ಲಿ ಎರಡನ್ನು ತುಂಬಬೇಡಿ. ಅಕ್ಕಪಕ್ಕದ ಎರಡು ಪ್ಯಾಡಕ್‌ಗಳ ನಡುಬೇಲಿ ಕಿತ್ತು 20 ಗುಣಿಸು 30 ಮಾಡಿ ಅಲ್ಲಿ ಜೋಡಿಯನ್ನು ಬಿಡಿ. ಆಗ ಗಂಟೆಗಳು ಹೆಚ್ಚುವುದಿಲ್ಲ ನಿಜ, ತಲಾ ಜಾಗವೂ ಅಷ್ಟೇ. ಆದರೆ ಜೊತೆ ಸಿಗುತ್ತದೆ, ಓಡಲು ಉದ್ದ ಸಿಗುತ್ತದೆ, ಅಟ್ಟಿಸಿಕೊಂಡ ಕುದುರೆಗೆ ತಿರುಗಲು ಅಗಲ ಸಿಗುತ್ತದೆ. ಮೂಲೆಗಳಿಗೆ ಅಡ್ಡಲಾಗಿ ಎರಡು ಮೂರು ಮೀಟರಿನ ಕಂಬಿ ಹಾಕಿ ಚೂಪು ಕೋನ ತೆಗೆಯುವುದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಮಾಡಿದ ಲಾಯಗಳು ಕಡಿಮೆ ಎಂಬುದು ಅಚ್ಚರಿಯೇ.

ಬೇಲಿಯ ವಿಷಯದಲ್ಲಿ ಒಂದೇ ಕಡ್ಡಾಯ: ಮುಳ್ಳುತಂತಿ ಬೇಡ. ಫಾರ್ಮ್‌ಹೌಸ್ ಕೊಂಡು ಮಾರವಾಡಿ ಕುದುರೆ ತಂದವರು ಹಳೆಯ ಹೊಲದ ಮುಳ್ಳುಬೇಲಿಯನ್ನೇ ಉಳಿಸಿಕೊಳ್ಳುತ್ತಾರೆ. ಕಾಲು ಸಿಕ್ಕಿದ ಕುದುರೆ ಹಿಂದಕ್ಕೆ ಎಳೆಯುತ್ತದೆ, ಚರ್ಮ ಕಾಲುಚೀಲದಂತೆ ಸುಲಿದು ಬರುತ್ತದೆ. ಮೇಲಿನ ಅಡ್ಡಪಟ್ಟಿ 1.2ರಿಂದ 1.4 ಮೀಟರ್ ಎತ್ತರದಲ್ಲಿರಲಿ. ಬೀಜದ ಕುದುರೆಗೆ, ಅಂದರೆ ಬೀಜ ತೆಗೆಯದ ಗಂಡಿಗೆ, ಇನ್ನೂ ಎತ್ತರ ಬೇಕು. ಮರದ ಅಥವಾ ಪೈಪಿನ ಬೇಲಿಯ ಒಳಮೈಗೆ ಅಗಲ ಪಟ್ಟಿಯ ವಿದ್ಯುತ್ ಟೇಪ್ ಹಾಕಿದರೆ ಒರಗುವುದು, ಮೇಲಿನಿಂದ ಕಾಲು ಹಾಕುವುದು ನಿಲ್ಲುತ್ತದೆ. ಪುಣೆಯ ಕಲ್ಲುನೆಲ ಏಪ್ರಿಲ್ ಮೇ ತಿಂಗಳಲ್ಲಿ ಒಣಗಿ ಅರ್ಥಿಂಗ್ ಕೈಕೊಡುತ್ತದೆ; ಟೇಪ್ ಇದ್ದರೂ ಶಾಕ್ ಇರುವುದಿಲ್ಲ, ಕುದುರೆಗೆ ಇದು ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಒಂದರ ಬದಲು ಮೂರು ಅರ್ಥ್ ಸರಳು ಹೂತು ಬುಡಕ್ಕೆ ದಿನಾ ಒಂದು ಕೊಡ ನೀರು ಹಾಕಿಸಿ. ಮಳೆಗಾಲದಲ್ಲಿ ತೊಂದರೆ ತಿರುಗುಮುರುಗು, ಬೆಳೆದ ಹಸಿಹುಲ್ಲು ಟೇಪಿಗೆ ತಾಗಿ ಕರೆಂಟು ಸೋರುತ್ತದೆ. ಕೊನೆಯ ಕಂಬದ ಬಳಿ ಟೆಸ್ಟರ್ ಹಿಡಿದಾಗ 4,000 ವೋಲ್ಟ್‌ಗಿಂತ ಕೆಳಗೆ ತೋರಿಸಿದರೆ ಸೋರಿಕೆ ಹುಡುಕಬೇಕು.

ಹುಲ್ಲಿನ ರಾಶಿಗಳು ಕುದುರೆಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ, ಒಂದರಿಂದ ಒಂದಕ್ಕೆ 8ರಿಂದ 10 ಮೀಟರ್ ದೂರ ಇರಲಿ. ಮೇಲಿನ ಕುದುರೆ ಒಂದು ರಾಶಿಯಿಂದ ಓಡಿಸಿದರೆ ಇನ್ನೊಂದು ಖಾಲಿ ಸಿಗಬೇಕು, ಅಷ್ಟೇ ತತ್ವ. ದಾಣಿ ಮಾತ್ರ ಯಾವತ್ತೂ ಗುಂಪಿನೊಳಗೆ ಬೇಡ. 400 ಕೆಜಿ ಕುದುರೆಗೆ ದಿನಕ್ಕೆ 6ರಿಂದ 8 ಕೆಜಿ ಒಣಮೇವು ಬೇಕು. ಅದರಲ್ಲಿ 2 ಕೆಜಿಯನ್ನು ಹೊರಗಿರುವ ಹೊತ್ತಿಗೆ ಎತ್ತಿಡುವುದು ಕಷ್ಟವಲ್ಲ. ಗೋವಾ ಮತ್ತು ಕರಾವಳಿಯ ಮರಳು ಪ್ಯಾಡಕ್‌ಗಳಲ್ಲಿ ಹುಲ್ಲನ್ನು ನೆಲದ ಮೇಲೆ ಹಾಕಿದರೆ ಮರಳು ಹೊಟ್ಟೆ ಸೇರಿ ಕಾಲಿಕ್ ಎಂಬ ಹೊಟ್ಟೆಶೂಲೆ ಬರುತ್ತದೆ, ರಬ್ಬರ್ ಮ್ಯಾಟ್ ಅಥವಾ ಅಗಲ ಬಾನಿ ಬಳಸಿ. ಪಾರದರ್ಶಕ ಕೈಗವಸಿನಲ್ಲಿ ಐದಾರು ಲದ್ದಿ ಉಂಡೆ ಹಾಕಿ ನೀರು ತುಂಬಿ ಕಾಲು ಗಂಟೆ ತೂಗುಹಾಕಿದರೆ ಬೆರಳ ತುದಿಯಲ್ಲಿ ಮರಳು ಇಳಿದಿದೆಯೇ ಎಂದು ಕಾಣುತ್ತದೆ. ನೀರಿನ ತೊಟ್ಟಿ ಮೂಲೆಯಲ್ಲಿ ಬೇಡ, ನೇರ ಬೇಲಿಯ ನಡುವೆ ಇರಲಿ.

ಜೊತೆ ಮಾಡಿಸುವ ಬಗೆ

ಹೊಸ ಕುದುರೆ ಬಂದರೆ ಮೊದಲ ಮೂರು ವಾರ ಎಲ್ಲರಿಂದ ದೂರ. ಸ್ಟ್ರಾಂಗಲ್ಸ್ ಎಂಬ ಗಂಟಲು ಗಂಟಿನ ಸೋಂಕು ಹೊರಗೆ ಕಾಣಿಸಲು ಎರಡು ವಾರದವರೆಗೆ ಹಿಡಿಯಬಹುದು. ದಿನಕ್ಕೆರಡು ಸಲ ಜ್ವರ ನೋಡಿ ಬರೆದಿಡಿ. ಆರೋಗ್ಯವಂತ ಕುದುರೆಯ ದೇಹದ ಉಷ್ಣ 38.5 ಡಿಗ್ರಿ ದಾಟುವುದಿಲ್ಲ. ಗ್ಲಾಂಡರ್ಸ್ ರಕ್ತಪರೀಕ್ಷೆ ಆಗಿದೆಯೇ ನೋಡಿ. ಮನುಷ್ಯರಿಗೂ ಹರಡುವ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ ಅದು. ಇಲ್ಲೊಂದು ಭ್ರಮೆಯನ್ನೂ ಒಡೆಯಬೇಕು: ‘ನಮ್ಮಲ್ಲಿ ಒಂಟಿಯಾಗಿ ಬಿಡುತ್ತೇವೆ, ಸೋಂಕಿನ ಭಯವಿಲ್ಲ’ ಎನ್ನುತ್ತಾರೆ. ಒಂದೇ ಪ್ಯಾಡಕ್, ಒಂದೇ ತೊಟ್ಟಿ, ಒಂದೇ ನೆಲದ ಲದ್ದಿಯನ್ನು ದಿನಕ್ಕೆ ಐದು ಕುದುರೆ ಸರದಿಯಲ್ಲಿ ಬಳಸುವಾಗ ಸ್ಟ್ರಾಂಗಲ್ಸ್‌ಗೂ ಹೊಟ್ಟೆಹುಳುವಿಗೂ ಅವು ಒಂದೇ ಗುಂಪು. ಪ್ರತಿ ಕುದುರೆಗೂ ಸ್ವಂತ ಪ್ಯಾಡಕ್ ಇದ್ದರೆ ಮಾತ್ರ ಆ ಮಾತಿಗೆ ಅರ್ಥ.

ಮೂರು ವಾರದ ನಂತರ ಗುಂಪಿನಲ್ಲೇ ಅತಿ ಸಮಾಧಾನದ, ನಡುವಯಸ್ಸಿನ ಒಂದು ಕುದುರೆಯನ್ನು ಆರಿಸಿ ಹೊಸಬನ ಪಕ್ಕದ ಬಾಕ್ಸ್‌ಗೆ ತನ್ನಿ. ನಡುಗೋಡೆಯಲ್ಲಿ ಕಂಬಿ ಕಿಟಕಿ ಇದ್ದರೆ ಒಳ್ಳೆಯದು. ನಾಲ್ಕೈದು ದಿನದ ಬಳಿಕ ಅಕ್ಕಪಕ್ಕದ ಪ್ಯಾಡಕ್‌ಗಳಲ್ಲಿ ಬಿಡಿ. ಮೊದಲ ಹತ್ತು ನಿಮಿಷ ಕಿರುಚಾಟ, ಮುಂಗಾಲಿನಿಂದ ನೆಲಕ್ಕೆ ಹೊಡೆತ ಇದ್ದೇ ಇರುತ್ತದೆ. ಬೇಲಿಯ ಮೂಲಕ ಕಾಲು ತೂರದಂಥ ಸಂದಿ ಇರಬೇಕು ಎನ್ನುವುದು ಅದಕ್ಕೇ. ಬೇಲಿಯ ಬದಿ ಎರಡೂ ಒಟ್ಟಿಗೆ ಮೇವು ತಿನ್ನತೊಡಗಿದ ಮೇಲೆ ಒಳಗೆ ಬಿಡುವ ದಿನ ಬಂದಂತೆ.

ಆ ದಿನಕ್ಕೆ ಮುಂಚೆ ಲಾಳ ಕಟ್ಟುವ ನಾಲಬಂದನನ್ನು ಕರೆಸಿ ಎರಡೂ ಕುದುರೆಗಳ ಹಿಂಗಾಲ ಲಾಳ ತೆಗೆಸಿ. ಕಬ್ಬಿಣದ ಲಾಳದ ಒದೆತಕ್ಕೂ ಬರಿ ಗೊರಸಿನ ಒದೆತಕ್ಕೂ ಮೂಳೆಯ ಮಟ್ಟಿಗೆ ಬಹಳ ಅಂತರ. ಕಲ್ಲುನೆಲದಲ್ಲಿ ಗೊರಸು ನೋಯುತ್ತದೆ ಎಂಬ ಆಕ್ಷೇಪ ಸರಿ, ಆದ್ದರಿಂದ ಎರಡು ಮೂರು ವಾರ ಹಿಂಗಾಲಿಗೆ ಲಾಳವಿಲ್ಲದೆ ಮರಳಿನ ಅಖಾಡದಲ್ಲಷ್ಟೇ ಸವಾರಿ ಮಾಡಿ. ಬೆಳಿಗ್ಗೆ ಮೇವು ತಿಂದು ಹೊಟ್ಟೆ ತುಂಬಿದ ಮೇಲೆ, ಲಘು ಸವಾರಿ ಆಗಿ ಉಬ್ಬರ ಇಳಿದ ಮೇಲೆ, ಇರುವುದರಲ್ಲೇ ದೊಡ್ಡ ಪ್ಯಾಡಕ್‌ಗೆ ಬಿಡಿ. ಹೊಸಬನನ್ನು ಮೊದಲು ಒಂಟಿಯಾಗಿ ಹತ್ತು ನಿಮಿಷ ಬಿಟ್ಟು ಬೇಲಿ ಎಲ್ಲಿದೆ ಎಂದು ತಿಳಿಯಗೊಡಿ. ತಲೆಗೆ ಕಟ್ಟುವ ಹಾಲ್ಟರ್ ತೆಗೆದೇ ಬಿಡಬೇಕು; ಇಡಲೇಬೇಕಾದರೆ ಎಳೆದರೆ ಕಿತ್ತುಬರುವ ಚರ್ಮದ ಪಟ್ಟಿಯದ್ದು. ನೈಲಾನ್ ಹಾಲ್ಟರ್‌ನಲ್ಲಿ ಇನ್ನೊಂದರ ಗೊರಸು ಸಿಕ್ಕಿದರೆ ಕುತ್ತಿಗೆ ಮುರಿಯುತ್ತದೆ.

ನೋಡುತ್ತ ನಿಲ್ಲುವವರಿಗೆ ಯಾವಾಗ ಒಳಗೆ ಹೋಗಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಗೊತ್ತಿರಬೇಕು. ಕಿವಿ ಮಡಚುವುದು, ಕತ್ತು ಚಾಚಿ ಹೆದರಿಸುವುದು, ಒಂದು ಸುತ್ತು ಅಟ್ಟುವುದು, ಕಿರುಚುವುದು ಇವೆಲ್ಲ ಮಾತುಕತೆ. ಎದುರಾಳಿ ದೂರ ಹೋಗಿ ನಿಂತ ಮೇಲೂ ಬೆನ್ನಟ್ಟುವುದು, ಮೂಲೆಗೆ ಒತ್ತಿ ಹಿಂಗಾಲು ತಿರುಗಿಸಿ ಮತ್ತೆ ಮತ್ತೆ ಒದೆಯುವುದು, ಮಂಡಿಯೂರಿ ಕಾಲು ಕಚ್ಚುವುದು ಜಗಳ. ಆಗ ಮಾತ್ರ ಬೇರ್ಪಡಿಸಿ, ಅದೂ ಹಗ್ಗ ಹಿಡಿದು ನಡುವೆ ನುಗ್ಗಿ ಅಲ್ಲ. ಮುಂಚೆಯೇ ತೆರೆದಿಟ್ಟ ಪಕ್ಕದ ಗೇಟಿನ ಕಡೆಗೆ ಒಂದನ್ನು ಅಟ್ಟಿ. ಮೊದಲ ದಿನ ಅರ್ಧ ಗಂಟೆ ಸಾಕು. ಸ್ವಿಟ್ಜರ್‌ಲ್ಯಾಂಡ್‌ನ ಅವಾಂಶ್‌ನಲ್ಲಿ ಎಂಟು ಬೀಜದ ಕುದುರೆಗಳನ್ನೇ 4 ಹೆಕ್ಟೇರ್ ಹುಲ್ಲುಗಾವಲಿನಲ್ಲಿ ಒಟ್ಟುಗೂಡಿಸಿದವರು, 2013ರಲ್ಲಿ ಪ್ರಕಟಿಸಿದಂತೆ, ಜಗಳ ಮೂರು ನಾಲ್ಕು ದಿನದಲ್ಲೇ ತೀರ ಇಳಿದದ್ದನ್ನು ಕಂಡರು. ಅವರಿಗೆ 4 ಹೆಕ್ಟೇರ್ ಇತ್ತು, ಸುತ್ತ ಹೆಣ್ಣು ಕುದುರೆ ಇರಲಿಲ್ಲ. ಇದನ್ನು ಓದಿ ಪುಣೆಯ 20 ಮೀಟರ್ ಪ್ಯಾಡಕ್‌ನಲ್ಲಿ ಎರಡು ಮಾರವಾಡಿ ಗಂಡುಗಳನ್ನು ಬಿಡುವ ಸಾಹಸ ಬೇಡ.

ಜೋಡಿ ಹೊಂದಿಕೊಂಡು ಎರಡು ವಾರ ಕಳೆದ ಮೇಲೆ ಮೂರನೆಯದನ್ನು ಸೇರಿಸಬಹುದು. ನಮ್ಮ ಜಾಗಗಳಿಗೆ ಜೋಡಿಯೇ ಸಾಕೆಂಬುದು ನಮ್ಮ ಅಭಿಪ್ರಾಯ. ಮೂರರ ಗುಂಪಿನಲ್ಲಿ ಎರಡು ಒಂದಾಗಿ ಮೂರನೆಯದು ಹೊರಗುಳಿಯುವುದು ಹೆಚ್ಚು. ಜೋಡಿಗೊಂದು ತೊಡಕಿದೆ: ಒಂದನ್ನು ಸವಾರಿಗೆ ಒಯ್ದರೆ ಇನ್ನೊಂದು ಬೇಲಿ ಹಾರುವಷ್ಟು ಹುಚ್ಚಾಗುತ್ತದೆ. ಇಬ್ಬರು ಸೈಸ್‌ಗಳು ಎರಡನ್ನೂ ಒಟ್ಟಿಗೆ ತರಬೇಕು, ಒಟ್ಟಿಗೆ ಒಯ್ಯಬೇಕು. ಗೇಟಿನೊಳಗೆ ಬಂದ ಮೇಲೆ ಎರಡರ ಮುಖವನ್ನೂ ಗೇಟಿನ ಕಡೆ ತಿರುಗಿಸಿ, ಸಾಕಷ್ಟು ಅಂತರದಲ್ಲಿ ನಿಂತು, ಒಂದೇ ಸಲ ಬಿಡಬೇಕು. ಬಿಡುತ್ತಲೇ ತಿರುಗಿ ಓಡುವಾಗ ಎತ್ತುವ ಹಿಂಗಾಲೇ ಸೈಸ್‌ಗಳಿಗೆ ತಗಲುವುದು.

ಒಂಟಿಯೇ ಸರಿ ಎನ್ನುವ ಕುದುರೆಗಳು

ಓಟದ ಸೀಸನ್‌ನಲ್ಲಿರುವ ಕುದುರೆ, ಸ್ನಾಯುರಜ್ಜು ಗಾಯದಿಂದ ಚೇತರಿಸಿಕೊಳ್ಳುತ್ತಿರುವುದು, ಪ್ರತ್ಯೇಕವಾಸದಲ್ಲಿರುವುದು, ಹೆರಿಗೆ ಹತ್ತಿರವಾದ ಹೆಣ್ಣು, ಬೀಜದ ಗಂಡು, ಕಣ್ಣು ಮಂಜಾದ ಮುದಿ ಕುದುರೆ. ಇವು ಒಂಟಿಯಾಗಿಯೇ ಹೋಗಲಿ. ಬೀಜ ತೆಗೆಸಿದ ಗಂಡನ್ನು ಕನಿಷ್ಠ ಒಂದು ತಿಂಗಳು ಹೆಣ್ಣುಗಳ ಹತ್ತಿರ ಬಿಡಬಾರದು, ಗರ್ಭ ನಿಲ್ಲಿಸುವ ಸಾಮರ್ಥ್ಯ ಶಸ್ತ್ರಕ್ರಿಯೆಯ ದಿನವೇ ಹೋಗುವುದಿಲ್ಲ. ಅಂದಹಾಗೆ ಮದುವೆ ಮೆರವಣಿಗೆಗೂ ಪ್ರದರ್ಶನಕ್ಕೂ ಅಲ್ಲದೆ ವಾರಾಂತ್ಯದ ಸವಾರಿಗಷ್ಟೇ ಇಟ್ಟುಕೊಂಡ ಮಾರವಾಡಿ ಗಂಡಿಗೆ ಬೀಜ ಉಳಿಸಿ ಜೀವಮಾನವಿಡೀ ಒಂಟಿ ಮಾಡುವುದರಲ್ಲಿ ಮಾಲೀಕನ ಹೆಮ್ಮೆಗಿಂತ ಬೇರೇನೂ ಇಲ್ಲ.

ಒಂಟಿ ಎಂದರೆ ಯಾರೂ ಕಾಣದ ಮೂಲೆ ಎಂದಲ್ಲ. ಬೇಲಿಯಾಚೆ ಇನ್ನೊಂದು ಕುದುರೆ ಕಾಣುವಂತಿರಬೇಕು. ಬೀಜದ ಕುದುರೆಗೆ ಎರಡು ಬೇಲಿ, ನಡುವೆ 2ರಿಂದ 3 ಮೀಟರ್ ಓಣಿ. ಉಳಿದವುಗಳಿಗೆ ಗೊರಸು ತೂರದ ಸಣ್ಣ ಕಣ್ಣಿನ ಜಾಲರಿ ಹಾಕಿ ಮೇಲಿನಿಂದ ಕತ್ತು ಚಾಚಲು ಬಿಟ್ಟರೆ ಕೆರೆದುಕೊಳ್ಳುವ ಸುಖ ಅಲ್ಲೇ ಸಿಗುತ್ತದೆ. ಜೊತೆಗೆ ಮೇಕೆ ಕಟ್ಟುವ ಹಳೆಯ ರೂಢಿಯಲ್ಲಿ ತಪ್ಪಿಲ್ಲ. ಕತ್ತೆಯಾದರೆ ಮೊದಲು ಶ್ವಾಸಕೋಶದ ಹುಳುವಿಗೆ ಔಷಧಿ ಕೊಡಿಸಿ, ಕತ್ತೆಯಲ್ಲಿ ಲಕ್ಷಣವಿಲ್ಲದೆ ಇರುವ ಹುಳು ಕುದುರೆಗೆ ಕೆಮ್ಮು ಹತ್ತಿಸುತ್ತದೆ. ಒಂಟಿಯಾಗಿ ಬಿಟ್ಟ ಕುದುರೆ ಇಪ್ಪತ್ತು ನಿಮಿಷವಾದರೂ ಮೇವಿಗೆ ಬಾಯಿ ಹಾಕದೆ ಬೇಲಿಯುದ್ದಕ್ಕೂ ಓಡುತ್ತಿದ್ದರೆ, ಬೇಲಿ ಬುಡದಲ್ಲಿ ಸವೆದ ದಾರಿ ಮೂಡಿದ್ದರೆ, ಅದಕ್ಕೆ ಅದು ವಿಶ್ರಾಂತಿಯಲ್ಲ. ಗಟ್ಟಿ ನೆಲದಲ್ಲಿ ಹಾಗೆ ಓಡಿ ತಿರುಗುವಾಗಲೇ ರಜ್ಜು ಹರಿಯುತ್ತದೆ, ಗಾಯ ತಪ್ಪಿಸಲು ಒಂಟಿ ಮಾಡಿದ್ದು ಗಾಯಕ್ಕೇ ದಾರಿಯಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಲೆಕ್ಕ ಮತ್ತೆ ಬದಲಾಗುತ್ತದೆ. ಗೋವಾದ ಕೆಂಪು ಜಂಬಿಟ್ಟಿಗೆ ಮಣ್ಣಾಗಲಿ, ಪುಣೆಯ ಕರಿಮಣ್ಣಾಗಲಿ, ಗೇಟು ಮತ್ತು ತೊಟ್ಟಿಯ ಸುತ್ತ ಒಂದೇ ವಾರದಲ್ಲಿ ಕೆಸರಾಗುತ್ತದೆ. ಗೊರಸಿನ ಮೇಲಿನ ಗಿಣ್ಣಿನ ಹಿಂಭಾಗ ಸದಾ ಒದ್ದೆಯಾಗಿ ಹುಣ್ಣಾಗುತ್ತದೆ, ಗೊರಸಿನ ಅಡಿ ಕೊಳೆತು ನಾರುತ್ತದೆ, ಜಾರಿ ಬಿದ್ದರೆ ಸೊಂಟ ಹೋಗುತ್ತದೆ. ಗೇಟಿನ ಮುಂದೆ 5 ಮೀಟರ್ ಉದ್ದಕ್ಕೆ ಜಲ್ಲಿ ಹಾಸಿ ಮೇಲೆ ಮರಳು ಹರಡುವುದಕ್ಕೆ ಏಪ್ರಿಲ್‌ನಲ್ಲೇ ಹಣ ಎತ್ತಿಡಬೇಕು. ಜೋರು ಮಳೆಯ ದಿನಗಳಲ್ಲಿ ಮೇಲ್ಛಾವಣಿಯ ಅಖಾಡವಿದ್ದರೆ ಹೊಂದಿಕೊಂಡ ಜೋಡಿಯನ್ನು ಅಲ್ಲೇ ಬಿಡಬಹುದು. ಹೊಸ ಜೋಡಿಯನ್ನು ಮಳೆಗಾಲದಲ್ಲಿ ಆರಂಭಿಸಬಾರದು. ಮಳೆ ನಿಂತ ಮೇಲೆ ಕುದುರೆ ನೊಣಗಳು ಸರ್ರಾ ರೋಗವನ್ನು, ಉಣ್ಣೆಗಳು ರಕ್ತದ ಪರೋಪಜೀವಿಗಳನ್ನು ತರುತ್ತವೆ, ಆದ್ದರಿಂದ ಜ್ವರದ ಪುಸ್ತಕ ಮುಚ್ಚಬೇಡಿ. 1950ರ ದಶಕದಲ್ಲಿ ಪುಣೆಯಲ್ಲೇ ಮೊದಲು ಕಣ್ಣಿಗೆ ಬಿದ್ದ ಕಾಂಗ್ರೆಸ್ ಗಿಡ ಆಗ ಎದ್ದು ನಿಲ್ಲುತ್ತದೆ. ಹೂ ಬಿಡುವ ಮೊದಲು ಕೀಳಿಸಬೇಕು. ಬೇಲಿಗೆಂದು ನೆಟ್ಟ ಕಣಗಿಲೆಯನ್ನಂತೂ ಬುಡಸಹಿತ ತೆಗೆಯಬೇಕು, ಬೆರಳೆಣಿಕೆಯ ಎಲೆಗಳೂ ಕುದುರೆಯ ಜೀವ ತೆಗೆಯುತ್ತವೆ. ರಾತ್ರಿ ಹೊರಗೆ ಬಿಡುವುದು ಬೇಸಿಗೆಗೆ ಒಳ್ಳೆಯ ಉಪಾಯ. ಆದರೆ ಪುಣೆ ಜಿಲ್ಲೆಯ ಜುನ್ನರ್, ಶಿರೂರು ಕಡೆಯ ಕಬ್ಬಿನ ಸೀಮೆಯಲ್ಲಿ ಚಿರತೆ ಇದೆ. ಅಲ್ಲಿ ಮರಿಗಳನ್ನು ಕತ್ತಲಾಗುವ ಮುನ್ನ ಒಳಗೆ ತನ್ನಿ.

ಮುಂಬೈಯಲ್ಲಿ ಜಾಗದ ಪ್ರಶ್ನೆ ಇನ್ನೂ ಬಿಗಿಯಾಗಲಿದೆ. ಮಹಾಲಕ್ಷ್ಮಿ ರೇಸ್‌ಕೋರ್ಸ್‌ನ 211 ಎಕರೆಯಲ್ಲಿ 120 ಎಕರೆ ಸಾರ್ವಜನಿಕ ಉದ್ಯಾನಕ್ಕೆ, 91 ಎಕರೆ ಟರ್ಫ್ ಕ್ಲಬ್‌ಗೆ ಎಂದು 2024ರಲ್ಲಿ ನಿರ್ಧಾರವಾಯಿತು. ಅಲ್ಲಾಗಲಿ ಬೇರೆಡೆಯಾಗಲಿ ಹೊಸ ಲಾಯದ ನಕ್ಷೆ ಎಳೆಯುವವರು ಬಾಕ್ಸ್‌ಗಳ ಸಂಖ್ಯೆಯನ್ನು ಮೊದಲು ಬರೆಯುತ್ತಾರೆ, ಪ್ಯಾಡಕ್ ಉಳಿದ ಜಾಗಕ್ಕೆ ಬೀಳುತ್ತದೆ. ಬಾಕ್ಸ್‌ಗಳ ನಡುಗೋಡೆಯ ಮೇಲರ್ಧಕ್ಕೆ ಇಟ್ಟಿಗೆಯ ಬದಲು ಕಂಬಿ ಹಾಕುವುದಕ್ಕೆ ಒಂದು ಚದರಡಿ ಜಾಗವೂ ಹೆಚ್ಚು ಬೇಡ.

ಪುಣೆಯ ಬಾಣೇರ್, ವಾಕಡ್ ಕಡೆಯ ಕನ್ನಡಿಗ ಮನೆಗಳಲ್ಲಿ ಮಕ್ಕಳಿಗೆ ಕುದುರೆಯನ್ನು ಲೀಸ್‌ಗೆ ಪಡೆಯುವವರು, ತಿಂಗಳ ಖರ್ಚು ಕೊಟ್ಟು ಸ್ವಂತ ಕುದುರೆಯನ್ನು ಲಾಯದಲ್ಲಿ ಇಡುವವರು ಇದ್ದಾರೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಯಾವ ಕುದುರೆ ಎಷ್ಟು ಹೊತ್ತಿಗೆ ಯಾವ ಪ್ಯಾಡಕ್‌ಗೆ ಹೋಗುತ್ತದೆ ಎಂದು ಬರೆದ ಹಲಗೆಯನ್ನು ತೋರಿಸಲು ಕೇಳಿ. ಹಲಗೆಯೇ ಇಲ್ಲದಿದ್ದರೆ ಉತ್ತರ ಸಿಕ್ಕಂತೆ. ಜೊತೆಯಲ್ಲಿ ಬಿಡಲು ಒಪ್ಪುವುದಾದರೆ ಒಪ್ಪಂದದಲ್ಲಿ ನಾಲ್ಕು ವಿಷಯ ಇರಲಿ: ಯಾವ ಕುದುರೆಯ ಜೊತೆ, ಹಿಂಗಾಲ ಲಾಳ ಇರುತ್ತದೋ ಇಲ್ಲವೋ, ಜೊತೆ ಬದಲಿಸುವ ಮುಂಚೆ ಯಾರನ್ನು ಕೇಳಬೇಕು, ಇನ್ನೊಂದು ಕುದುರೆ ಒದ್ದರೆ ವೈದ್ಯರ ಖರ್ಚು ಯಾರದು. ಕೊನೆಯದಕ್ಕೆ ‘ಅವರವರ ಕುದುರೆಯ ಖರ್ಚು ಅವರವರದು, ಸೈಸ್‌ನ ಸಂಬಳದಿಂದ ಹಿಡಿಯುವಂತಿಲ್ಲ’ ಎಂದು ಬರೆಸುವುದು ಸುಲಭ ಮತ್ತು ನ್ಯಾಯ. ಆ ಎರಡನೆಯ ಅರ್ಧ ಇಲ್ಲದ ಒಪ್ಪಂದವಿದ್ದ ಕಡೆ, ಮಾಲೀಕರು ಊರಲ್ಲಿಲ್ಲದ ದಿನ ಕುದುರೆ ಬಾಕ್ಸ್‌ನಲ್ಲೇ ಉಳಿಯುತ್ತದೆ.